ಜಮೀನು, ಬೀಜ ಮತ್ತು ಕಾನೂನು: ರೈತರು ವಕೀಲರಲ್ಲಿ ಕೇಳುವ ಪ್ರಶ್ನೆಗಳು

ಭತ್ತಕ್ಕೆ ಬೆಂಕಿ ರೋಗ ತಗಲಿದಾಗ ಎಲೆಗಳ ಮೇಲೆ ಚುಕ್ಕೆ ಕಾಣಿಸಿಕೊಂಡ ವಾರದಲ್ಲಿಯೇ ರೈತನು ಕೃಷಿ ಅಧಿಕಾರಿಗಳಿಗೆ ತೋರಿಸಿದರೆ ಒಂದೆರಡು ಸಿಂಪರಣೆಗಳಿಂದ ಬೆಳೆ ಉಳಿಯುತ್ತದೆ. ಕುತ್ತಿಗೆ ಮುರಿದು ತೆನೆ ಜೊಳ್ಳಾದ ಮೇಲೆ ಬಂದರೆ ರೋಗದ ಹೆಸರನ್ನು ಹೇಳಿ ಕಳುಹಿಸುವುದಷ್ಟೇ ಉಳಿಯುತ್ತದೆ. ಜಮೀನಿನ ವ್ಯಾಜ್ಯಗಳೂ ಹೀಗೆಯೇ. ರೈತರು ವಕೀಲರ ಮುಂದೆ ಇಡುವ ಪ್ರಶ್ನೆಗಳಲ್ಲಿ ಹೆಚ್ಚಿನವು ಜಟಿಲವಾದವುಗಳಲ್ಲ. ಆದರೆ ಅವು ವಕೀಲರ ಬಳಿಗೆ ಬರುವ ವೇಳೆಗೆ ಮಾಡಿಸಬೇಕಾಗಿದ್ದ ಕಾಗದ ಆಗಿರುವುದಿಲ್ಲ, ಇಡಬೇಕಾಗಿದ್ದ ರಸೀದಿ ಕಳೆದುಹೋಗಿರುತ್ತದೆ, ಇಲ್ಲವೇ ಕಾನೂನು ಕೊಟ್ಟ ಅವಧಿ ಮುಗಿದಿರುತ್ತದೆ. ಜಮೀನಿನ ಹಕ್ಕು, ಪಾಲು, ಬದು ಹಾಗೂ ದಾರಿಗೆ ಸಂಬಂಧಿಸಿದ ಪ್ರಶ್ನೆಗಳನ್ನೂ, ಮೊಳೆಯದ ಬೀಜದ ಪ್ರಶ್ನೆಯನ್ನೂ ಈ ದೃಷ್ಟಿಯಿಂದ ಇಲ್ಲಿ ವಿವರಿಸಲಾಗಿದೆ.

ಪಹಣಿಯಲ್ಲಿ ಹೆಸರಿದ್ದರೆ ಸಾಲದೆ?

ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಪ್ರಶ್ನೆ ಇದು. ಪಹಣಿಯ 9ನೇ ಅಂಕಣದಲ್ಲಿ ಹೆಸರಿದೆ, ಕಂದಾಯ ಕಟ್ಟಿದ ರಸೀದಿಯಿದೆ, ಆದ್ದರಿಂದ ಜಮೀನು ತನ್ನದೇ ಎಂದು ರೈತನು ನಂಬಿರುತ್ತಾನೆ. ಪಹಣಿಯು ಕಂದಾಯ ಇಲಾಖೆಯ ದಾಖಲೆ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 133ನೇ ಪ್ರಕರಣದ ಪ್ರಕಾರ ಅದರಲ್ಲಿರುವ ನಮೂದನ್ನು, ತಪ್ಪೆಂದು ರುಜುವಾತಾಗುವವರೆಗೆ, ಸರಿಯೆಂದೇ ಭಾವಿಸಬೇಕು. ಇದು ದೊಡ್ಡ ಅನುಕೂಲವೇ ಸರಿ. ಆದರೆ ಆ ನಮೂದು ತಾನಾಗಿಯೇ ಯಾರಿಗೂ ಮಾಲೀಕತ್ವವನ್ನು ಕೊಡುವುದಿಲ್ಲ, ಇದ್ದ ಮಾಲೀಕತ್ವವನ್ನು ಕಿತ್ತುಕೊಳ್ಳುವುದೂ ಇಲ್ಲ. ಸರ್ವೋಚ್ಚ ನ್ಯಾಯಾಲಯವು ಹಲವು ತೀರ್ಪುಗಳಲ್ಲಿ ಈ ಮಾತನ್ನು ಸ್ಪಷ್ಟಪಡಿಸಿದೆ. ಮಾಲೀಕತ್ವ ಬರುವುದು ನೋಂದಾಯಿತ ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಮರಣಶಾಸನ, ವಾರಸಾ ಹಕ್ಕು, ಸರ್ಕಾರದ ಮಂಜೂರಾತಿ ಅಥವಾ ನ್ಯಾಯಾಲಯದ ಡಿಕ್ರಿಯಿಂದ.

ಆದ್ದರಿಂದ ಪಹಣಿಯನ್ನು ಓದುವಾಗ 9ನೇ ಅಂಕಣದಲ್ಲಿಯೇ ಕಣ್ಣು ನಿಲ್ಲಿಸಬಾರದು. ಪಕ್ಕದ 10ನೇ ಅಂಕಣದಲ್ಲಿ ಜಮೀನು ಯಾವ ರೀತಿಯಿಂದ ಬಂತು ಎಂಬುದೂ ಎಂ.ಆರ್. ಸಂಖ್ಯೆಯೂ ಇರುತ್ತವೆ. ಆ ಸಂಖ್ಯೆ ಹಿಡಿದು ಹಕ್ಕು ಬದಲಾವಣೆ ವಹಿಯ ನಕಲು ಪಡೆದರೆ ಹೆಸರು ಬಂದದ್ದಕ್ಕೆ ಆಧಾರವೇನೆಂದು ತಿಳಿಯುತ್ತದೆ. 11ನೇ ಅಂಕಣದಲ್ಲಿ ಸಾಲ, ಅಡಮಾನ, ಇತರರ ಹಕ್ಕು ದಾಖಲಾಗಿರುತ್ತವೆ. 12ನೆಯದರಲ್ಲಿ ಸಾಗುವಳಿದಾರನ ಹಾಗೂ ಬೆಳೆಯ ವಿವರ ಇರುತ್ತದೆ. 2000ದ ಸುಮಾರಿಗೆ ಭೂಮಿ ಯೋಜನೆಯಡಿ ಪಹಣಿಗಳು ಕಂಪ್ಯೂಟರಿಗೆ ಏರಿದಾಗ ಹಳೆಯ ಕೈಬರಹದ ವಹಿಗಳಲ್ಲಿದ್ದ ತಪ್ಪುಗಳೂ ಅವುಗಳೊಂದಿಗೆ ಏರಿದವು. ತಂದೆಯ ಹೆಸರಿನಲ್ಲಿ, ವಿಸ್ತೀರ್ಣದ ಗುಂಟೆ ಲೆಕ್ಕದಲ್ಲಿ, ಖರಾಬಿನಲ್ಲಿ ವ್ಯತ್ಯಾಸವಿದ್ದರೆ ತಹಶೀಲ್ದಾರರಿಗೆ ತಿದ್ದುಪಡಿ ಅರ್ಜಿ ಕೊಡಬೇಕು. ಜಮೀನು ಮಾರುವ ದಿನವೋ ಬ್ಯಾಂಕಿಗೆ ಹೋದ ದಿನವೋ ಈ ಕೆಲಸಕ್ಕೆ ಕೈಹಾಕಿದರೆ ಸಮಯ ಸಾಲುವುದಿಲ್ಲ.

ತಂದೆ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸದೆ ಇಪ್ಪತ್ತು ಮೂವತ್ತು ವರ್ಷ ಬಿಡುವ ಮನೆತನಗಳು ಪ್ರತಿ ಹಳ್ಳಿಯಲ್ಲಿಯೂ ಇವೆ. ಹಕ್ಕು ಬಂದ ಮೂರು ತಿಂಗಳೊಳಗೆ ವರದಿ ಮಾಡಬೇಕೆಂದು 128ನೇ ಪ್ರಕರಣ ಹೇಳುತ್ತದೆ. ತಡವಾದರೆ ಹಕ್ಕೇನೂ ಹೋಗುವುದಿಲ್ಲ. ಆದರೆ ಅಷ್ಟರಲ್ಲಿ ವಾರಸುದಾರರಲ್ಲಿಯೇ ಇಬ್ಬರು ಮೂವರು ತೀರಿಕೊಂಡು, ವಂಶವೃಕ್ಷದ ಕೊಂಬೆಗಳು ಬೆಳೆದು, ಒಬ್ಬರ ಸಹಿ ಊರಿನಲ್ಲಿ, ಇನ್ನೊಬ್ಬರದು ಮುಂಬಯಿಯಲ್ಲಿ ಎಂಬಂತಾಗುತ್ತದೆ. ಸತ್ತವರ ಹೆಸರಿನ ಖಾತೆಯ ಮೇಲೆ ಬೆಳೆಸಾಲವಾಗಲಿ ಬೆಳೆ ಪರಿಹಾರವಾಗಲಿ ಸಲೀಸಾಗಿ ಸಿಗುವುದಿಲ್ಲ ಎಂಬುದು ರೈತರಿಗೆ ಗೊತ್ತಿರುವ ಸಂಗತಿಯೇ ಆಗಿದೆ.

ಇದರ ಜೊತೆಗೆ ಬರುವ ಮತ್ತೊಂದು ಪ್ರಶ್ನೆ, ಹನ್ನೆರಡು ವರ್ಷ ಉಳುಮೆ ಮಾಡಿದರೆ ಜಮೀನು ಉತ್ತವನದಾಗುತ್ತದೆಯೇ ಎಂಬುದು. ಈ ಹನ್ನೆರಡರ ಲೆಕ್ಕವನ್ನು ಹಳ್ಳಿಗಳಲ್ಲಿ ತೀರ ಸಡಿಲವಾಗಿ ಬಳಸಲಾಗುತ್ತಿದೆ. ಮಾಲೀಕನ ಹಕ್ಕನ್ನು ಅಲ್ಲಗಳೆದು, ಅವನಿಗೂ ಊರಿಗೂ ತಿಳಿಯುವಂತೆ ಬಹಿರಂಗವಾಗಿ, ಎಡೆಬಿಡದೆ 12 ವರ್ಷ ಅನುಭವಿಸಿದ್ದರೆ ಮಾತ್ರ ಆ ವಾದಕ್ಕೆ ಬೆಲೆ ಬರುತ್ತದೆ. ಮಾಲೀಕನ ಅನುಮತಿಯಿಂದ, ಕೋರಿಗೆ ಅಥವಾ ನೋಡಿಕೊಳ್ಳಲೆಂದು ಪಡೆದ ಜಮೀನನ್ನು ಎಷ್ಟು ವರ್ಷ ಉತ್ತರೂ ಅದು ಉತ್ತವನದಾಗದು. ಅಣ್ಣನೊಬ್ಬನೇ ಊರಲ್ಲಿದ್ದು ಎಲ್ಲರ ಜಮೀನನ್ನೂ ಉಳುತ್ತಿದ್ದರೆ ಅದು ತಮ್ಮಂದಿರ ಪರವಾಗಿಯೂ ನಡೆದ ಸ್ವಾಧೀನವೆಂದೇ ಕಾನೂನು ಸಾಮಾನ್ಯವಾಗಿ ಭಾವಿಸುತ್ತದೆ.

ಅಣ್ಣತಮ್ಮಂದಿರ ಬಾಯಿಮಾತಿನ ಪಾಲು

ಊರ ಹಿರಿಯರನ್ನು ಕೂರಿಸಿಕೊಂಡು, ಬದುವಿಗೆ ಕಲ್ಲು ನೆಟ್ಟು, ಅವರವರ ಪಾಲನ್ನು ಅವರವರು ಉಳುತ್ತ ಬಂದಿರುವುದು ನಮ್ಮ ಹಳ್ಳಿಗಳ ವಾಡಿಕೆ. ಹಿಂದೂ ಅವಿಭಕ್ತ ಕುಟುಂಬದಲ್ಲಿ ಬಾಯಿಮಾತಿನ ವಿಭಾಗ ಕಾನೂನಿಗೆ ವಿರುದ್ಧವಾದುದಲ್ಲ. ತೊಂದರೆಯಿರುವುದು ರುಜುವಾತಿನಲ್ಲಿ. ಬಿಳಿ ಕಾಗದದ ಮೇಲೆ ಬರೆದಿಟ್ಟ ಪಾಲುಪಟ್ಟಿಯ ಬಗ್ಗೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಹಿಂದೆಯೇ ಆಗಿಹೋದ ವಿಭಾಗವನ್ನು ಜ್ಞಾಪಕಕ್ಕಾಗಿ ಬರೆದಿಟ್ಟರೆ ಅದಕ್ಕೆ ನೋಂದಣಿ ಬೇಕಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1976ರ ಒಂದು ತೀರ್ಪಿನಲ್ಲಿ ಹೇಳಿದೆ. ಆದರೆ ‘ಈ ದಿವಸ ಈ ಕೆಳಕಂಡಂತೆ ಪಾಲು ಮಾಡಿಕೊಂಡಿರುತ್ತೇವೆ’ ಎಂದು ಬರೆದರೆ ಆ ಕಾಗದವೇ ವಿಭಾಗ ಮಾಡಿದಂತಾಗಿ, ನೋಂದಣಿ ಅಧಿನಿಯಮ, 1908ರ ಪ್ರಕಾರ ನೋಂದಣಿಯಾಗಲೇಬೇಕಾಗುತ್ತದೆ. ಆಗಿಲ್ಲವಾದರೆ ವಿಭಾಗಕ್ಕೆ ಸಾಕ್ಷ್ಯವೆಂದು ನ್ಯಾಯಾಲಯ ಅದನ್ನು ಸ್ವೀಕರಿಸುವುದಿಲ್ಲ. ಪಾಲುಪಟ್ಟಿ ಬರೆಯುವವರು ವಾಡಿಕೆಯ ಒಕ್ಕಣೆಯನ್ನೇ ಬಳಸುವುದರಿಂದ ಒಂದು ಸಾಲಿನ ಮಾತಿಗಾಗಿ ಇಡೀ ಕಾಗದ ನಿಷ್ಪ್ರಯೋಜಕವಾಗುವುದುಂಟು.

ಇನ್ನು ಹೆಣ್ಣುಮಕ್ಕಳ ಹಕ್ಕು. ‘ತಂಗಿಯರಿಗೆ ಮದುವೆ ಮಾಡಿ ಕೊಟ್ಟಾಗಿದೆ, ಅವರ ಸಹಿ ಏಕೆ ಬೇಕು?’ ಎಂಬ ಪ್ರಶ್ನೆ ಇಂದಿಗೂ ನಿಂತಿಲ್ಲ. ಕರ್ನಾಟಕವು 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾನೂನಿಗೆ ತಿದ್ದುಪಡಿ ತಂದು, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಿಗೆ ಸಮನಾದ ಹಕ್ಕನ್ನು ಕೊಟ್ಟಿತು. ಕೇಂದ್ರದ ತಿದ್ದುಪಡಿಯು 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದು ಮದುವೆಯಾದವರು, ಆಗದವರು ಎಂಬ ಭೇದವನ್ನು ತೆಗೆದುಹಾಕಿತು. ಆ ದಿನ ತಂದೆ ಬದುಕಿರಬೇಕೇ ಎಂಬ ಬಗ್ಗೆ ಬಹಳ ಕಾಲ ಗೊಂದಲವಿತ್ತು. ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, ತಂದೆ ಆ ದಿನ ಬದುಕಿರಬೇಕಾಗಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠವು 2020ರ ಆಗಸ್ಟ್ 11ರಂದು ತೀರ್ಮಾನಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನಡೆದ ವಿಭಾಗ ಅಥವಾ ಮಾರಾಟಕ್ಕೆ ಇದರಿಂದ ಬಾಧಕವಿಲ್ಲ.

ಬಾಯಿಮಾತಿನ ಪಾಲಿಗೆ ಪೆಟ್ಟು ಬೀಳುವುದು ಇಲ್ಲಿಯೇ. 1985ರಲ್ಲಿಯೇ ಪಾಲಾಗಿದೆ ಎಂದು ಅಣ್ಣತಮ್ಮಂದಿರು ಹೇಳಿದರೆ ಅದನ್ನು ರುಜುವಾತುಪಡಿಸುವ ಹೊಣೆ ಅವರದೇ. ಬರಿಯ ಬಾಯಿಮಾತನ್ನು ಒಪ್ಪಲಾಗದು, ಸರ್ಕಾರಿ ದಾಖಲೆಗಳು ಬೆಂಬಲಿಸಿದ ಅಪರೂಪದ ಪ್ರಕರಣಗಳಲ್ಲಿ ಮಾತ್ರ ಒಪ್ಪಬಹುದು ಎಂದು ಅದೇ ತೀರ್ಪು ಹೇಳುತ್ತದೆ. ಅಂದಿನಿಂದಲೇ ಖಾತೆ ಬೇರೆ, ಪೋಡಿ ಬೇರೆ, ಕಂದಾಯ ಬೇರೆ, ಸಹಕಾರ ಸಂಘದ ಸಾಲ ಬೇರೆ ಎಂದು ತೋರಿಸಬಲ್ಲವರ ಸ್ಥಿತಿ ಉತ್ತಮ. ಇಂದಿಗೂ ತಾತನ ಹೆಸರಿನಲ್ಲಿಯೇ ಖಾತೆಯಿದ್ದು ಪಾಲಾಗಿದೆ ಎನ್ನುವವರ ಮಾತು ನಿಲ್ಲುವುದು ಕಷ್ಟ.

ತಂದೆಯ ಸ್ವಯಾರ್ಜಿತ ಜಮೀನಿನ ಲೆಕ್ಕ ಬೇರೆ. ಅದನ್ನು ಆತ ಮರಣಶಾಸನದ ಮೂಲಕ ಬೇಕಾದವರಿಗೆ ಕೊಡಬಹುದು. ಮರಣಶಾಸನ ಬರೆಯದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿ ಸಮಪಾಲು ಪಡೆಯುತ್ತಾರೆ. ಮುಸ್ಲಿಮ್ ಮತ್ತು ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸುವ ಕಾನೂನು ಬೇರೆಯಾದುದರಿಂದ ಅವರು ಈ ವಿವರಗಳನ್ನು ತಮಗೆ ಹೊಂದಿಸಿಕೊಳ್ಳಬಾರದು.

ಹಕ್ಕು ಬೇಡವೆನ್ನುವ ತಂಗಿಯು ಹಕ್ಕು ಬಿಡುಗಡೆ ಪತ್ರ ಬರೆದುಕೊಡಬಹುದು. ಅದು ನೋಂದಣಿಯಾಗಬೇಕು, ಅದರಲ್ಲಿ ಏನಿದೆಯೆಂದು ಆಕೆ ಓದಿ ತಿಳಿದಿರಬೇಕು. ಹಬ್ಬಕ್ಕೆ ಬಂದ ತಂಗಿಯಿಂದ, ಸೀರೆಯೊಂದನ್ನು ಕೊಟ್ಟು, ‘ಬ್ಯಾಂಕಿನ ಕಾಗದ’ವೆಂದು ಹೇಳಿ ಸಹಿ ಹಾಕಿಸಿಕೊಂಡ ಪತ್ರವನ್ನು ಮೋಸದಿಂದ ಪಡೆದದ್ದೆಂದು ಆಕೆ ಪ್ರಶ್ನಿಸಬಹುದು. ಸಂಬಂಧ ಕೆಡುವುದು ಪಾಲು ಕೇಳಿದ್ದರಿಂದಲೋ ಈ ಬಗೆಯ ಸಹಿಯಿಂದಲೋ ಎಂಬುದನ್ನು ಅಣ್ಣಂದಿರೇ ಯೋಚಿಸಬೇಕು.

ಎಲ್ಲರೂ ಒಪ್ಪಿರುವಾಗಲೇ ನೋಂದಾಯಿತ ವಿಭಾಗಪತ್ರ ಮಾಡಿಸುವುದು ಲೇಸು. ಸರ್ವೆ ನಂಬರಿನ ಒಂದು ಭಾಗವನ್ನು ಪಾಲಿಗೆ ಹಾಕುವಾಗ ಭೂಮಾಪಕರಿಂದ 11ಇ ನಕ್ಷೆ ಮಾಡಿಸಬೇಕಾಗುತ್ತದೆ. ಪತ್ರದಲ್ಲಿ ಎಕರೆ ಗುಂಟೆಗಳ ಜೊತೆಗೆ ಕೊಳವೆ ಬಾವಿಯ ನೀರಿನ ಸರದಿ, ಮೋಟಾರಿನ ರಿಪೇರಿ ಖರ್ಚು, ಬದುವಿನ ಮರಗಳು, ಕಣದ ಜಾಗ, ಹಿಂದಿನ ತುಂಡಿಗೆ ಹೋಗುವ ದಾರಿ ಇವುಗಳನ್ನೂ ಬರೆಸಬೇಕು. ಜಮೀನನ್ನು ಗುಂಟೆ ಬಿಡದೆ ಅಳೆದು ಹಂಚಿಕೊಂಡವರು ಒಂದು ಕೊಳವೆ ಬಾವಿಯ ನೀರಿಗಾಗಿ ವರ್ಷಗಟ್ಟಲೆ ಜಗಳವಾಡುವುದು ಸಾಮಾನ್ಯವಾಗಿದೆ.

ಬದು ಮತ್ತು ದಾರಿ

ಪಕ್ಕದವನು ಪ್ರತಿ ವರ್ಷ ಉಳುವಾಗ ಬದುವನ್ನು ಒಂದು ಗೇಣು ತಿಂದರೆ ಏನು ಮಾಡಬೇಕು? ಮೊದಲು ಹದ್ದುಬಸ್ತಿಗೆ ಅರ್ಜಿ ಕೊಟ್ಟು ಶುಲ್ಕ ಕಟ್ಟಬೇಕು. ಭೂಮಾಪಕರು ಅಕ್ಕಪಕ್ಕದವರಿಗೆ ನೋಟೀಸು ಕೊಟ್ಟು ಅಳತೆ ಮಾಡಿ ಗಡಿ ಗುರುತಿಸುತ್ತಾರೆ. ಒತ್ತುವರಿ ಕಂಡುಬಂದರೂ ಪಕ್ಕದವನು ಬಿಡದಿದ್ದರೆ ಅದನ್ನು ಬಿಡಿಸಿಕೊಡುವುದು ಭೂಮಾಪಕರ ಕೆಲಸವಲ್ಲ. ಆಗ ಆ ನಕ್ಷೆಯನ್ನು ಹಿಡಿದು ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. ಬೆಳೆ ನಿಂತಿರುವಾಗ ಸರಪಳಿ ಎಳೆಯುವುದು ಕಷ್ಟವಾದ್ದರಿಂದ ಕೊಯ್ಲು ಮುಗಿದು ಹೊಲ ಬಯಲಾಗಿರುವ ತಿಂಗಳುಗಳಲ್ಲಿ ಅಳತೆ ಮಾಡಿಸುವುದು ಅನುಕೂಲ.

ದಾರಿಯ ವಿಷಯದಲ್ಲಿ ಮೊದಲು ಗ್ರಾಮ ನಕಾಶೆಯನ್ನು ನೋಡಬೇಕು. ನಕಾಶೆ ಕಂಡ ದಾರಿಯಾದರೆ ಅದು ಸಾರ್ವಜನಿಕವಾದುದು, ಮುಚ್ಚಿದವರ ಮೇಲೆ ತಹಶೀಲ್ದಾರರಿಗೆ ದೂರು ಕೊಡಬಹುದು. ನಕಾಶೆಯಲ್ಲಿ ಇಲ್ಲದ ಬಂಡಿದಾರಿಯಾದರೆ, ಅಡ್ಡಿಯಿಲ್ಲದೆ, ಬಹಿರಂಗವಾಗಿ, ಹಕ್ಕೆಂಬಂತೆ 20 ವರ್ಷ ಬಳಸಿದ್ದನ್ನು ತೋರಿಸಬೇಕು. ದಾರಿ ಮುಚ್ಚಿದ ಮೇಲೆ ಎರಡು ವರ್ಷದೊಳಗೆ ದಾವೆ ಹೂಡುವುದನ್ನು ಮರೆಯಬಾರದು. ಪಾಲಾದಾಗ ಹಿಂದಿನ ತುಂಡಿಗೆ ಬೇರೆ ದಾರಿಯೇ ಇಲ್ಲದಂತಾದರೆ ಮುಂದಿನ ತುಂಡಿನ ಮೂಲಕ ಅವಶ್ಯಕತೆಯ ದಾರಿಯನ್ನು ಕೇಳಬಹುದು. ಆದರೆ ಎತ್ತಿನ ಗಾಡಿಗೆ ಸಾಕಾಗಿದ್ದ ದಾರಿ ಇಂದಿನ ಭತ್ತ ಕೊಯ್ಯುವ ಯಂತ್ರಕ್ಕೆ ಸಾಲದು. ಆದ್ದರಿಂದ ವಿಭಾಗಪತ್ರದಲ್ಲಿ ದಾರಿಯ ಅಗಲವನ್ನು ಅಡಿಗಳಲ್ಲಿ ಬರೆಸಬೇಕು.

ಜಮೀನು ಕೊಳ್ಳುವವರಿಗೆ ಎರಡು ಮಾತು ಸಾಕು. ಕ್ರಯದ ಕರಾರು ಮಾಡಿಕೊಂಡು ಮುಂಗಡ ಕೊಟ್ಟ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ. ಮಾರುವವನು ಹಿಂಜರಿದರೆ ಕರಾರಿನಲ್ಲಿ ಗೊತ್ತುಪಡಿಸಿದ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು. ಎರಡನೆಯದಾಗಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಂಡರೆ 1978ರ ಕಾನೂನಿನ ಪ್ರಕಾರ ಆ ಕ್ರಯ ಊರ್ಜಿತವಾಗದು. ಅಂತಹ ಜಮೀನನ್ನು ಮರಳಿ ಕೇಳಲು ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿ ಹೇಳುತ್ತದೆ. ಆದ್ದರಿಂದ ಋಣಭಾರ ಪತ್ರದ ಜೊತೆಗೆ ಮೂಲ ಮಂಜೂರಾತಿಯನ್ನೂ ನೋಡಬೇಕು.

ಬೀಜ ಮೊಳೆಯದಿದ್ದರೆ

ಜಮೀನಿನ ವ್ಯಾಜ್ಯ ವರ್ಷಗಟ್ಟಲೆ ಕಾಯಬಲ್ಲದು. ಬೀಜದ ವ್ಯಾಜ್ಯದಲ್ಲಿ ಸಾಕ್ಷ್ಯವು ಹತ್ತು ಹದಿನೈದು ದಿನಗಳಲ್ಲಿ ಮಣ್ಣಾಗುತ್ತದೆ. ಬಿತ್ತಿದ ಬೀಜ ಹುಟ್ಟಲಿಲ್ಲವೆಂದು, ಹುಟ್ಟಿದರೂ ತಳಿ ಮಿಶ್ರಣವಾಗಿತ್ತೆಂದು ರೈತರು ಪರಿಹಾರ ಕೇಳಲು ಬರುವಾಗ ಸಾಮಾನ್ಯವಾಗಿ ಅವರ ಬಳಿ ಚೀಲವೂ ಇರುವುದಿಲ್ಲ, ಚೀಟಿಯೂ ಇರುವುದಿಲ್ಲ.

ಪರಿಹಾರ ಕೇಳಬಹುದೇ ಎಂಬ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿದೆ. ಆಂಧ್ರಪ್ರದೇಶದ ರೈತರು ರಾಷ್ಟ್ರೀಯ ಬೀಜ ನಿಗಮದ ವಿರುದ್ಧ ಹೂಡಿದ್ದ ಪ್ರಕರಣಗಳಲ್ಲಿ ಸರ್ವೋಚ್ಚ ನ್ಯಾಯಾಲಯವು 2012ರ ಜನವರಿಯಲ್ಲಿ ತೀರ್ಪು ನೀಡಿ, ಬೀಜ ಕೊಂಡ ರೈತನೂ ಗ್ರಾಹಕನೇ, ಬೀಜ ಅಧಿನಿಯಮ, 1966 ಇದೆಯೆಂಬ ಕಾರಣಕ್ಕೆ ಗ್ರಾಹಕ ಕಾನೂನಿನ ಬಾಗಿಲು ಮುಚ್ಚುವುದಿಲ್ಲ ಎಂದು ಹೇಳಿತು. ಕೊಂಡ ಬೀಜವನ್ನೆಲ್ಲ ರೈತ ಬಿತ್ತಿಬಿಡುವುದು ಸಹಜ, ಮುಂದೆ ಪರೀಕ್ಷೆಗೆ ಬೇಕಾದೀತೆಂದು ಅದರಲ್ಲಿ ಒಂದಷ್ಟನ್ನು ಉಳಿಸಬೇಕಿತ್ತು ಎಂದು ನಿರೀಕ್ಷಿಸಲಾಗದು ಎಂದೂ ಒಪ್ಪಿತು. ಇದು ರೈತರಿಗೆ ದೊಡ್ಡ ಆಸರೆ. ಆದರೆ ಇದನ್ನು ನಂಬಿ ಸುಮ್ಮನಿರುವಂತಿಲ್ಲ. ಪರಿಶೀಲನಾ ವರದಿಯು ಬೀಜವೇ ಕಾರಣವೆಂದು ಹೇಳದ ಪ್ರಕರಣಗಳಲ್ಲಿ ಪರಿಹಾರ ನಿರಾಕರಣೆಯಾದದ್ದೂ ಇದೆ.

ನಿರಾಕರಣೆಗೆ ಕಾರಣವಿಲ್ಲದಿಲ್ಲ. ಮೊಳಕೆ ಕಡಿಮೆಯಾಗಲು ಬೀಜವೊಂದೇ ಕಾರಣವಲ್ಲವೆಂಬುದು ಬೇಸಾಯ ಬಲ್ಲ ಎಲ್ಲರಿಗೂ ಗೊತ್ತು. ರಾಗಿಯಂತಹ ಸಣ್ಣ ಕಾಳನ್ನು ಆಳಕ್ಕೆ ಬಿತ್ತಿದರೆ ಮೊಳಕೆ ಮೇಲೆ ಬರಲಾರದು. ಕೆಂಪು ಭೂಮಿಯಲ್ಲಿ ಬಿತ್ತಿದ ಮರುದಿನ ಜೋರು ಮಳೆ ಬಂದು ಬಿಸಿಲು ಬಿದ್ದರೆ ಮೇಲ್ಮಣ್ಣು ಹೆಪ್ಪುಗಟ್ಟಿ ಮೊಳಕೆಯನ್ನು ತಡೆಯುತ್ತದೆ. ಸೋಯಾ ಅವರೆಯ ಸಿಪ್ಪೆ ಬಹಳ ತೆಳುವಾದುದರಿಂದ ಚೀಲವನ್ನು ಎತ್ತಿ ಎಸೆದರೂ ಮೊಳಕೆ ಶಕ್ತಿ ಕುಂದುತ್ತದೆ. ಹೊಸದಾಗಿ ಕೊಯ್ದ ಸೂರ್ಯಕಾಂತಿ ಬೀಜಕ್ಕೆ ಕೆಲವು ವಾರಗಳ ಸುಪ್ತಾವಸ್ಥೆ ಇರುತ್ತದೆ. ಕಂಪನಿಯ ವಕೀಲರು ಇವನ್ನೆಲ್ಲ ಒಂದೊಂದಾಗಿ ಮುಂದಿಡುತ್ತಾರೆ. ಇವಕ್ಕೆ ಉತ್ತರ ಬಿತ್ತನೆಗೆ ಮೊದಲೇ ಸಿದ್ಧವಾಗಿರಬೇಕು.

ಪರವಾನಗಿ ಪಡೆದ ಮಾರಾಟಗಾರರಿಂದಲೇ ಬೀಜ ಕೊಂಡು, ತಳಿ, ಲಾಟ್ ಸಂಖ್ಯೆ, ತೂಕ, ಬೆಲೆ ಬರೆದ ಬಿಲ್ಲನ್ನು ಕೇಳಿ ಪಡೆಯಬೇಕು. ಬೀಜ ನಿಯಂತ್ರಣ ಆಜ್ಞೆ, 1983ರ ಪ್ರಕಾರ ಬಿಲ್ಲು ಕೊಡುವುದು ಮಾರಾಟಗಾರನ ಕರ್ತವ್ಯವೇ ಹೊರತು ಉಪಕಾರವಲ್ಲ. ಚೀಲವನ್ನು ಮೇಲ್ಭಾಗದಲ್ಲಿ ಹರಿಯದೆ ಕೆಳಗಿನಿಂದ ಬಿಚ್ಚಿದರೆ ಹೊಲಿಗೆ ಮತ್ತು ಚೀಟಿ ಹಾಗೆಯೇ ಉಳಿಯುತ್ತವೆ. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ ಇರುತ್ತದೆ. ಚೀಟಿಯಲ್ಲಿ ಪರೀಕ್ಷೆಯ ದಿನಾಂಕ ಮತ್ತು ಅವಧಿ ಮುಗಿಯುವ ದಿನಾಂಕವನ್ನು ನೋಡಬೇಕು. ಪ್ರಮಾಣಿತ ಬೀಜಕ್ಕೆ ಇರಬೇಕಾದ ಕನಿಷ್ಠ ಮೊಳಕೆ ಪ್ರಮಾಣ ಭತ್ತಕ್ಕೆ ಶೇಕಡ 80, ರಾಗಿಗೆ 75, ತೊಗರಿಗೆ 75, ಶೇಂಗಾ ಮತ್ತು ಸೋಯಾ ಅವರೆಗೆ 70.

ಬಿತ್ತುವ ಮೊದಲು, ಆರಿಸದೆ ತೆಗೆದ 100 ಕಾಳುಗಳನ್ನು ಒದ್ದೆ ಗೋಣಿತಾಟಿನಲ್ಲಿ ಸಾಲಾಗಿ ಜೋಡಿಸಿ, ಸುರುಳಿ ಸುತ್ತಿ ನೆರಳಲ್ಲಿಟ್ಟು, ತೇವ ಆರದಂತೆ ನೋಡಿಕೊಂಡರೆ 8-10 ದಿನಗಳಲ್ಲಿ ಮೊಳಕೆಯ ಲೆಕ್ಕ ಸಿಗುತ್ತದೆ. ಭತ್ತಕ್ಕೆ ಕೆಲವು ದಿನ ಹೆಚ್ಚು ಬೇಕು. ಇದು ನ್ಯಾಯಾಲಯಕ್ಕೆ ಬೇಕಾದ ಪ್ರಯೋಗಾಲಯದ ಪರೀಕ್ಷೆಯಲ್ಲವಾದರೂ ಕೆಟ್ಟ ಬೀಜ ಹೊಲಕ್ಕೆ ಹೋಗುವುದನ್ನೇ ತಡೆಯುತ್ತದೆ. ಒಂದೆರಡು ಹಿಡಿ ಬೀಜವನ್ನು ಚೀಟಿಯೊಂದಿಗೆ ಚೀಲದಲ್ಲಿಯೇ ಉಳಿಸಿ, ಬಿತ್ತಿದ ದಿನ, ಎಕರೆಗೆ ಹಾಕಿದ ಪ್ರಮಾಣ, ಆಳ, ಮಳೆ ಬಂದ ದಿನಗಳನ್ನು ಪಂಚಾಂಗದ ಅಂಚಿನಲ್ಲಾದರೂ ಗುರುತು ಹಾಕಿಕೊಳ್ಳಬೇಕು. ಪಕ್ಕದ ಹೊಲದಲ್ಲಿ ಅದೇ ವಾರ ಬೇರೆ ಲಾಟ್‌ನ ಬೀಜ ಬಿತ್ತಿ ಚೆನ್ನಾಗಿ ಹುಟ್ಟಿದ್ದರೆ ಅದಕ್ಕಿಂತ ಬಲವಾದ ಸಾಕ್ಷ್ಯ ಸಿಗುವುದು ಅಪರೂಪ.

ಸಾಲುಗಳು ಬೋಳಾಗಿ ಕಂಡ ಕೂಡಲೇ ಅಂಗಡಿಗೆ ಹೋಗಿ ಜಗಳವಾಡುವುದಕ್ಕೆ ಮೊದಲು ರೈತ ಸಂಪರ್ಕ ಕೇಂದ್ರಕ್ಕೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಅಧಿಸೂಚಿತ ತಳಿಯ ಬೀಜದ ದೋಷದಿಂದ ಬೆಳೆ ವಿಫಲವಾಯಿತೆಂದು ರೈತ ಲಿಖಿತ ದೂರು ಕೊಟ್ಟಲ್ಲಿ ಬೀಜ ಪರಿವೀಕ್ಷಕರು ಚೀಟಿ, ಚೀಲ ಹಾಗೂ ಉಳಿದ ಬೀಜದ ಮಾದರಿಯನ್ನು ವಶಕ್ಕೆ ಪಡೆದು, ಮಾದರಿಯನ್ನು ಬೀಜ ಪರೀಕ್ಷಾ ಪ್ರಯೋಗಾಲಯಕ್ಕೆ ಕಳುಹಿಸಿ, ವೈಫಲ್ಯದ ಕಾರಣವನ್ನು ತನಿಖೆ ಮಾಡಬೇಕೆಂದು ಬೀಜ ನಿಯಮಗಳ 23ಎ ನಿಯಮ ವಿಧಿಸುತ್ತದೆ. ಈ ನಿಯಮವನ್ನು ವಿಸ್ತರಣಾ ಕಾರ್ಯಕರ್ತರೂ ಚೆನ್ನಾಗಿ ತಿಳಿದಿರಬೇಕು. ಕ್ಷೇತ್ರ ಪರಿಶೀಲನೆಗೆ ಮಾರಾಟಗಾರನಿಗೂ ಕಂಪನಿಗೂ ತಿಳಿವಳಿಕೆ ಕೊಡದಿದ್ದರೆ ‘ನಮ್ಮ ಬೆನ್ನ ಹಿಂದೆ ನಡೆದದ್ದು’ ಎಂಬ ಆಕ್ಷೇಪ ಬರುತ್ತದೆ. ವರದಿಯಲ್ಲಿ ‘ಬೆಳೆ ವಿರಳವಾಗಿದೆ’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಎಷ್ಟು ಜಾಗದಲ್ಲಿ ಎಣಿಸಿದಾಗ ಎಷ್ಟು ಗಿಡ ಸಿಕ್ಕಿದವು, ಮಣ್ಣು ಕೆದಕಿದಾಗ ಬೀಜ ಕೊಳೆತಿತ್ತೇ ಅಥವಾ ಗಟ್ಟಿಯಾಗಿಯೇ ಇತ್ತೇ, ತೇವಾಂಶ ಹೇಗಿತ್ತು, ಕಾರಣವೇನು ಎಂಬುದನ್ನು ಬರೆಯಬೇಕು.

ಇಲ್ಲಿ ರೈತನ ಎದುರಿಗೆ ಒಂದು ಇಕ್ಕಟ್ಟಿದೆ. ಪರಿಶೀಲನೆಗೆ ಕಾಯುತ್ತ ಕುಳಿತರೆ ಮಳೆಯ ಹದ ಹೋಗುತ್ತದೆ. ಹರಗಿ ಮತ್ತೆ ಬಿತ್ತಿದರೆ ಸಾಕ್ಷ್ಯ ಹೋಗುತ್ತದೆ. ಹಂಗಾಮನ್ನು ಕಳೆದುಕೊಂಡು ಮೊಕದ್ದಮೆ ಗೆಲ್ಲುವುದರಲ್ಲಿ ಅರ್ಥವಿಲ್ಲ. ದೂರು ಕೊಟ್ಟ ಮೇಲೂ ಅಧಿಕಾರಿಗಳು ಬರುವುದು ತಡವಾಗುವಂತಿದ್ದರೆ, ಹೊಲದ ಎರಡು ಮೂರು ಕಡೆ ಒಂದೊಂದು ಪಟ್ಟಿಯನ್ನು ಹರಗದೆ ಬಿಟ್ಟು, ದಿನಾಂಕ ತಿಳಿಯುವಂತೆ ಛಾಯಾಚಿತ್ರ ತೆಗೆಸಿ, ಅಕ್ಕಪಕ್ಕದ ರೈತರ ಸಹಿಯೊಂದಿಗೆ ಮಹಜರು ಬರೆದಿಟ್ಟು, ಉಳಿದ ಭಾಗವನ್ನು ಬಿತ್ತಿಕೊಳ್ಳುವುದು ವ್ಯವಹಾರಕ್ಕೆ ಒಪ್ಪುವ ದಾರಿ. ಎರಡನೆಯ ಬಿತ್ತನೆಯ ಬೀಜ, ಗೊಬ್ಬರ, ಕೂಲಿಯ ರಸೀದಿಗಳೂ ನಷ್ಟದ ಲೆಕ್ಕಕ್ಕೆ ಬೇಕಾಗುತ್ತವೆ.

ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ರೈತನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಕಂಪನಿಯ ಕಚೇರಿ ಹೈದರಾಬಾದಿನಲ್ಲಿದ್ದರೂ ಅಲ್ಲಿಗೆ ಹೋಗಬೇಕಾಗಿಲ್ಲ. ಶುಲ್ಕವನ್ನು ಲೆಕ್ಕ ಹಾಕುವುದು ಕೇಳುವ ಪರಿಹಾರದ ಮೇಲಲ್ಲ, ಬೀಜಕ್ಕೆ ಕೊಟ್ಟ ಬೆಲೆಯ ಮೇಲೆ. ಅದು 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೇ ಇಲ್ಲ. ವಕೀಲರಿಲ್ಲದೆ ತಾನೇ ವಾದಿಸಲೂ ಅವಕಾಶವುಂಟು.

ಸ್ವಂತ ಬೀಜವನ್ನು ನೆರೆಯವನಿಗೆ ಮಾರಬಹುದೇ ಎಂದು ಕೇಳುವವರೂ ಇದ್ದಾರೆ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮ, 2001ರ 39ನೇ ಪ್ರಕರಣದಂತೆ ತಾನು ಬೆಳೆದ ಬೀಜವನ್ನು ಉಳಿಸಿಕೊಳ್ಳಲು, ಬಿತ್ತಲು, ಹಂಚಲು, ಮಾರಲು ರೈತನಿಗೆ ಹಕ್ಕಿದೆ. ಸಂರಕ್ಷಿತ ತಳಿಯ ಬೀಜವನ್ನು ಮಾತ್ರ ಚೀಲಕ್ಕೆ ತುಂಬಿ ಹೆಸರು ಹಚ್ಚಿ ಮಾರುವಂತಿಲ್ಲ.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ

ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ, 1987ರ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಬರ ಮತ್ತು ನೆರೆಯಂತಹ ವಿಕೋಪಕ್ಕೆ ಸಿಕ್ಕವರಿಗೆ, ನಿಗದಿತ ಮಿತಿಗಿಂತ ಕಡಿಮೆ ಆದಾಯವುಳ್ಳವರಿಗೆ ಉಚಿತವಾಗಿ ವಕೀಲರನ್ನು ಕೊಡಲಾಗುತ್ತದೆ. ಪಾಲು ಕೇಳಲು ಬಂದ ಹೆಣ್ಣುಮಗಳಿಗೆ ಆದಾಯದ ಮಿತಿಯೂ ಅಡ್ಡ ಬರುವುದಿಲ್ಲ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬಹುದು, ಇಲ್ಲವೇ 15100 ಸಂಖ್ಯೆಗೆ ದೂರವಾಣಿ ಮಾಡಬಹುದು. ಅದೇ ಸಮಿತಿಯ ಮೂಲಕ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಂಡರೆ ಕಟ್ಟಿದ ನ್ಯಾಯಾಲಯ ಶುಲ್ಕ ವಾಪಸು ಸಿಗುತ್ತದೆ; ಆ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲವಾದ್ದರಿಂದ ಸಹಿ ಹಾಕುವ ಮೊದಲು ರಾಜಿಯ ಷರತ್ತುಗಳನ್ನು ಓದಿಸಿ ಕೇಳಿಕೊಳ್ಳಬೇಕು. ಹೋಗುವಾಗ ಇತ್ತೀಚಿನ ಪಹಣಿ, ಎಂ.ಆರ್. ನಕಲು, ಹಳೆಯ ಪತ್ರಗಳು, ಬಿಲ್ಲು, ಬೀಜದ ಚೀಟಿ ಇವುಗಳ ಮೂಲಪ್ರತಿಗಳನ್ನು ಮನೆಯಲ್ಲಿಯೇ ಇರಿಸಿ ನಕಲುಗಳನ್ನು ಒಯ್ಯುವುದು ಒಳ್ಳೆಯದು.